ಎರಡನೆಯ ಡಬ್ಬಿ ಯಾರದು?

ಕಳೆದ ತಿಂಗಳು ಒಂದು ಶನಿವಾರ, ಭಾನುವಾರ ಕೂಡಿ ನಾನೂ ನನ್ನ ಹೆಂಡತಿಯೂ ಎಂಟು ಕಂತುಗಳ ಅಪರಾಧ ಧಾರಾವಾಹಿಯೊಂದನ್ನು ನೋಡಿ ಮುಗಿಸಿದೆವು. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಅಂಥವು ಈಗ ವಾರಕ್ಕೊಂದರಂತೆ ಬರುತ್ತಿವೆ. ಊರಾಚೆ ಕೆರೆ ಏರಿಯ ಮೇಲೆ ಸುಟ್ಟು ಕರಕಲಾದ ಕಾರು, ಅದರೊಳಗೆ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ತರುಣಿಯೊಬ್ಬಳ ಶವ. ಇನ್ಸ್‌ಪೆಕ್ಟರು ಕಾರಿನ ಡಿಕ್ಕಿಯನ್ನು ತೆರೆದಾಗ ಮಸಿ ಹಿಡಿದ ಎರಡು ಸ್ಟೀಲಿನ ಊಟದ ಡಬ್ಬಿಗಳು ಕಾಣುತ್ತವೆ. ಕ್ಯಾಮೆರಾ ಅವುಗಳ ಮೇಲೆ ಕ್ಷಣಕಾಲ ನಿಂತಿತು. ಒಂಟಿಯಾಗಿ ವಾಸವಿದ್ದ ಹುಡುಗಿ ದಿನವೂ ಎರಡು ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದಳೇ? ಎರಡನೆಯದು ಯಾರಿಗೆ? ಒರಗಿ ಕುಳಿತಿದ್ದ ನಾನು ನೆಟ್ಟಗಾದೆ. ಇದನ್ನು ಬರೆದವನಿಗೆ ಕಥೆ ಹೇಳುವುದು ಗೊತ್ತಿದೆ ಎನ್ನಿಸಿತು.

ಮುಂದಿನ ಏಳು ಕಂತುಗಳಲ್ಲಿ ಆ ಡಬ್ಬಿಯ ಪ್ರಸ್ತಾಪ ಒಮ್ಮೆಯೂ ಬರಲಿಲ್ಲ. ಬದಲಿಗೆ ಒಬ್ಬ ಮನೋವೈದ್ಯ ಬಂದ, ಗುಪ್ತ ಪಂಥವೊಂದು ಬಂತು, ಇನ್ಸ್‌ಪೆಕ್ಟರರ ಮುರಿದ ದಾಂಪತ್ಯ ಬಂತು, ಅವರ ಕುಡಿತ ಬಂತು. ಕಡೆಯ ಕಂತಿನ ಕಡೆಯ ಐದು ನಿಮಿಷದಲ್ಲಿ, ಒಂದೇ ಒಂದು ದೀಪ ತೂಗಾಡುವ ಕೋಣೆಯಲ್ಲಿ, ಇನ್ಸ್‌ಪೆಕ್ಟರು ಮೇಜಿನಾಚೆ ಕುಳಿತವನಿಗೆ ‘ನಮಗೆಲ್ಲ ಗೊತ್ತಾಗಿದೆ’ ಎಂದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ಆತ ಮಾತ್ರ ನಗುತ್ತ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ. ಏಕೆ, ಹೇಗೆ, ಎಷ್ಟು ಗಂಟೆಗೆ ಎಂಬುದನ್ನೆಲ್ಲ ತಾನೇ ಬಿಡಿಸಿ ಹೇಳಿದ. ಪರದೆ ಕಪ್ಪಾಯಿತು. ನನ್ನ ಹೆಂಡತಿ ಕುಕ್ಕರ್ ಇಡಲು ಏಳುತ್ತ ಕೇಳಿದಳು: ‘ಆ ಹುಡುಗಿಯ ತಾಯಿ ಮೊದಲನೇ ದಿನ ಬಂದು ಅತ್ತಳಲ್ಲ ರೀ, ಆಮೇಲೆ ಆಕೆ ಎಲ್ಲಿ ಹೋದಳು?’

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಧಾರಾವಾಹಿಯ ಕರ್ತೃಗಳ ಬಳಿಯೂ ಇದ್ದಂತೆ ತೋರಲಿಲ್ಲ.

ಮೊದಲು ಆ ತಪ್ಪೊಪ್ಪಿಗೆಯ ವಿಚಾರ. ನಮ್ಮ ದೇಶದಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ರುಜುವಾತು ಮಾಡುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಇದನ್ನು ಸ್ಪಷ್ಟ ಮಾತುಗಳಲ್ಲಿ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಅದನ್ನೇ ಉಳಿಸಿಕೊಂಡಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ಹೊಸ ಸಂಗತಿಯೊಂದು, ಉದಾಹರಣೆಗೆ ಹೂತಿಟ್ಟ ಕತ್ತಿ, ಪತ್ತೆಯಾದರೆ ಆ ಮಾಹಿತಿಯಷ್ಟು ಭಾಗಕ್ಕೆ ಮಾತ್ರ ಬೆಲೆ. ಉಳಿದಂತೆ, ಆತ ಮ್ಯಾಜಿಸ್ಟ್ರೇಟರ ಮುಂದೆ, ತಾನು ಹೇಳಲೇಬೇಕೆಂಬ ಒತ್ತಾಯವಿಲ್ಲ ಎಂಬ ಎಚ್ಚರಿಕೆಯನ್ನು ಕೇಳಿಸಿಕೊಂಡ ಮೇಲೆ, ಸ್ವಇಚ್ಛೆಯಿಂದ ಹೇಳಬೇಕು. ಆಳುತ್ತಿದ್ದ ಬ್ರಿಟಿಷರೇ ತಮ್ಮ ಪೊಲೀಸರ ಲಾಠಿಯನ್ನು ನಂಬದೆ ಮಾಡಿದ ಕಾನೂನು ಇದು. ಹಾಗಾಗಿ ನಮ್ಮ ಧಾರಾವಾಹಿಗಳ ಮುಕ್ತಾಯ ನಿಜವಾದ ಠಾಣೆಯಲ್ಲಿ ತನಿಖೆಯ ಮುಕ್ತಾಯವೇ ಅಲ್ಲ. ಅಲ್ಲಿಂದ ಮುಂದೆ ತನಿಖಾಧಿಕಾರಿಯ ನಿಜವಾದ ತಲೆನೋವು ಆರಂಭವಾಗುತ್ತದೆ.

ಆದರೆ ನನ್ನ ಆಕ್ಷೇಪ ಕಾನೂನಿನದಲ್ಲ. ಕಥೆಗಾರ ಕಾನೂನು ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಬರೆಯಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಪ್ರೌಢಶಾಲೆಯ ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿ ಉತ್ತರಗಳು ಅಚ್ಚಾಗಿರುತ್ತಿದ್ದವು. ಮೇಲೆ ಎರಡು ಸಾಲು ಏನೋ ಗೀಚಿ, ಕೆಳಗೆ ಆ ಉತ್ತರವನ್ನು ತಂದು ಕೂರಿಸುವ ಹುಡುಗರಿದ್ದರು. ನಮ್ಮ ಮೇಷ್ಟರು ಉತ್ತರವನ್ನು ನೋಡುತ್ತಲೇ ಇರಲಿಲ್ಲ, ನಡುವಿನ ಹಂತಗಳ ಮೇಲೆ ಬೆರಳಿಟ್ಟು ‘ಇದು ಎಲ್ಲಿಂದ ಬಂತು?’ ಎನ್ನುತ್ತಿದ್ದರು. ಕೊಲೆಗಾರ ತಾನಾಗಿ ಬಾಯಿ ಬಿಡುವುದೆಂದರೆ ಕೊನೆಯ ಪುಟದ ಉತ್ತರವೇ. ಅದನ್ನು ನೆಚ್ಚಿಕೊಂಡವನಿಗೆ ಡಬ್ಬಿಯೂ ಬೇಡ, ತಾಯಿಯೂ ಬೇಡ.

ನನ್ನ ತಲೆಮಾರಿನ ಅನೇಕರಂತೆ ನಾನೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು, ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿ ಬೆಳೆದವನು. ಅವರ ಪತ್ತೇದಾರ ಪುರುಷೋತ್ತಮ ನಮಗೆ ಊರಿನ ಹಿರಿಯರಷ್ಟೇ ಪರಿಚಿತ. ಈಗ ಅವುಗಳನ್ನು ಮತ್ತೆ ಓದಿದರೆ ಹಂತಗಳೆಲ್ಲ ಸರಿಯಾಗಿದ್ದವು ಎಂದು ಪ್ರಮಾಣ ಮಾಡಲಾರೆ. ಹದಿಮೂರರ ವಯಸ್ಸು ಬಹಳಷ್ಟನ್ನು ಕ್ಷಮಿಸುತ್ತದೆ. 1985ರಲ್ಲಿ ದೂರದರ್ಶನದಲ್ಲಿ ಪಂಕಜ್ ಪರಾಶರ್ ಅವರ ‘ಕರಮ್‌ಚಂದ್’ ಬಂದಾಗ, ಗಜ್ಜರಿ ಕಡಿಯುತ್ತ ಸಹಾಯಕಿ ಕಿಟ್ಟಿಯನ್ನು ಗದರಿಸುತ್ತಿದ್ದ ಪಂಕಜ್ ಕಪೂರ್ ಅವರನ್ನು ನೋಡಲು ಟೀವಿಯಿದ್ದ ಮನೆಗಳಲ್ಲಿ ಬೀದಿಯೇ ಸೇರುತ್ತಿತ್ತು. ಅಲ್ಲಿಯೂ ನೆನಪಿನಲ್ಲಿ ಉಳಿದದ್ದು ಆ ನಟನೇ ಹೊರತು ಒಗಟುಗಳಲ್ಲ. ಒಗಟು ಉಳಿದದ್ದು 1993ರ ‘ಬ್ಯೋಮಕೇಶ್ ಬಕ್ಷಿ’ಯಲ್ಲಿ. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳನ್ನು ಬಾಸು ಚಟರ್ಜಿ ಯಾವ ಆಡಂಬರವೂ ಇಲ್ಲದೆ ತೆರೆಗೆ ತಂದಿದ್ದರು. ರಜಿತ್ ಕಪೂರ್ ಅವರ ಬ್ಯೋಮಕೇಶ ಪಂಚೆಯುಟ್ಟು, ಗೆಳೆಯ ಅಜಿತನೊಡನೆ ಚಹಾ ಕುಡಿಯುತ್ತ ಮಾತಾಡುತ್ತಿದ್ದ. ತನ್ನನ್ನು ಪತ್ತೇದಾರನೆಂದರೆ ಆತನಿಗೆ ಹಿಡಿಸುತ್ತಿರಲಿಲ್ಲ, ಸತ್ಯಾನ್ವೇಷಿ ಎಂದು ಕರೆದುಕೊಳ್ಳುತ್ತಿದ್ದ. ಸೆಟ್ಟುಗಳು ಬಡವಾಗಿದ್ದವು, ಬೆಳಕು ಸಾಲುತ್ತಿರಲಿಲ್ಲ. ಆದರೆ ಆತ ಕಂಡದ್ದನ್ನು ನಾವೂ ಕಂಡಿರುತ್ತಿದ್ದೆವು. ಕೊನೆಯಲ್ಲಿ ‘ಅಯ್ಯೋ, ನನಗೆ ಹೊಳೆಯಲಿಲ್ಲವಲ್ಲ’ ಎಂದು ಹಣೆ ಚಚ್ಚಿಕೊಳ್ಳುವ ಸುಖ ನಮ್ಮದಾಗುತ್ತಿತ್ತು.

ಆ ಸುಖಕ್ಕೆ ನಿಯಮಗಳಿವೆ. ಇಂಗ್ಲೆಂಡಿನ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಅರ್ಧ ತಮಾಷೆಯಲ್ಲಿ ಬರೆದಿಟ್ಟರು. ಅಪರಾಧಿ ಕಥೆಯ ಮೊದಲ ಭಾಗದಲ್ಲಿಯೇ ಕಾಣಿಸಿಕೊಂಡಿರಬೇಕು; ಪತ್ತೇದಾರನಿಗೆ ಆಕಸ್ಮಿಕವು ನೆರವಾಗಕೂಡದು; ಆತನ ಕಣ್ಣಿಗೆ ಬಿದ್ದ ಸುಳಿವು ಓದುಗನ ಕಣ್ಣಿಗೂ ಬೀಳಬೇಕು. ನಾನು ನೋಡಿದ ಆ ಎಂಟು ಕಂತುಗಳಲ್ಲಿ ಕೊಲೆಗಾರ ಮೊದಲು ಮುಖ ತೋರಿಸಿದ್ದು ಆರನೆಯದರಲ್ಲಿ.

‘ಸಿಐಡಿ’ಯನ್ನು ಈ ಮಾತಿಗೆ ಎಳೆಯಲು ನನಗೆ ಮನಸ್ಸಿಲ್ಲ. ಬಿ.ಪಿ. ಸಿಂಗ್ ಅವರ ಈ ಹಿಂದಿ ಧಾರಾವಾಹಿ 1998ರಿಂದ 2018ರವರೆಗೆ ಇಪ್ಪತ್ತು ವರ್ಷ ನಡೆದು, 2024ರ ಡಿಸೆಂಬರಿನಲ್ಲಿ ಮತ್ತೆ ಬಂತು. ಎಸಿಪಿ ಪ್ರದ್ಯುಮ್ನರು ಬೆರಳು ತಿರುಗಿಸುವುದು, ದಯಾ ಬಾಗಿಲು ಒಡೆಯುವುದು ಮಕ್ಕಳ ಆಟವೇ ಆಗಿ ಹೋಗಿದೆ. ನನ್ನ ಮೊಮ್ಮಗ ನಮ್ಮ ದೇವರಮನೆಯ ಬಾಗಿಲಿನ ಮೇಲೂ ಅದನ್ನು ಪ್ರಯೋಗಿಸಿದ್ದಾನೆ. ಅದು ತನ್ನನ್ನು ತಾನೇ ಗಂಭೀರವಾಗಿ ತೆಗೆದುಕೊಳ್ಳದ ಆಟ. ಆದರೂ ಒಂದು ಸಂಗತಿ ನೆನಪಿಗೆ ಬರುತ್ತದೆ. 2004ರಲ್ಲಿ ಅವರು 111 ನಿಮಿಷಗಳ ಒಂದು ಕಂತನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿ ದಾಖಲೆ ಮಾಡಿದರು. ನಟರು, ಛಾಯಾಗ್ರಾಹಕರು, ಬೆಳಕಿನವರು ಎಲ್ಲರೂ ಎಷ್ಟು ತಾಲೀಮು ಮಾಡಿರಬೇಕು! ಕೌಶಲಕ್ಕೆ, ದುಡಿಮೆಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಅಷ್ಟೇ ಶ್ರಮವನ್ನು ‘ಇದು ಎಲ್ಲಿಂದ ಬಂತು?’ ಎಂಬ ಪ್ರಶ್ನೆಯ ಮೇಲೆ ಯಾರೂ ಹಾಕುತ್ತಿಲ್ಲ ಎಂಬುದು ನನ್ನ ಕೊರಗು.

ತಪ್ಪೊಪ್ಪಿಗೆ ಇಲ್ಲದಿದ್ದಲ್ಲಿ ಪ್ರಯೋಗಾಲಯ. ಅಮೆರಿಕದ ‘ಸಿಎಸ್ಐ’ 2000ದಿಂದ 2015ರವರೆಗೆ ಓಡಿ ಜಗತ್ತಿಗೆಲ್ಲ ಈ ಚಟ ಹಿಡಿಸಿತು. ಬಿಳಿ ಕೋಟಿನವರು ಯಂತ್ರದೊಳಗೆ ಕೂದಲೆಳೆಯೊಂದನ್ನು ಇಡುತ್ತಾರೆ, ಪರದೆಯ ಮೇಲೆ ಕೊಲೆಗಾರನ ಭಾವಚಿತ್ರ ಮೂಡುತ್ತದೆ. ನಮ್ಮ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಅರಗಿನ ಮುದ್ರೆ ಒತ್ತಿದ ಪೊಟ್ಟಣಗಳನ್ನು ಕಳುಹಿಸಿ ತಿಂಗಳುಗಟ್ಟಲೆ ವರದಿಗೆ ಕಾದವರಿಗೆ ಇದು ನಗೆ ತರಿಸುತ್ತದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆಂದು ವಿಧಿಸಿದೆ. ರಾಜ್ಯಗಳು ಅದನ್ನು ಜಾರಿಗೆ ತರಲು ಐದು ವರ್ಷದ ಅವಕಾಶವನ್ನೂ ಕೊಟ್ಟಿದೆ. ಒಳ್ಳೆಯದೇ. ಆದರೆ ಪ್ರಯೋಗಾಲಯ ತನಗೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಆಡಳಿತ ಸೇವೆಗೆ ಸೇರಿದ ನನಗೆ ಮೊದಲ ವರ್ಷಗಳಲ್ಲಿ ದೊರೆತದ್ದು ಬಯಲುಸೀಮೆಯ ಒಂದು ತಾಲ್ಲೂಕಿನ ತಹಶೀಲ್ದಾರನ ಕುರ್ಚಿ. ತಹಶೀಲ್ದಾರ ಎಂದರೆ ಪಹಣಿ, ಕಂದಾಯ ಎಂದಷ್ಟೇ ಜನ ತಿಳಿಯುತ್ತಾರೆ. ಆತ ತಾಲ್ಲೂಕು ದಂಡಾಧಿಕಾರಿಯೂ ಹೌದು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಅನುಮಾನಾಸ್ಪದವಾಗಿ ಸತ್ತರೆ ಶವ ಮಹಜರನ್ನು ಆತ ಮಾಡಬೇಕು. ಆಕೆ ಇನ್ನೂ ಜೀವ ಹಿಡಿದುಕೊಂಡಿದ್ದರೆ, ಪೊಲೀಸರ ಪತ್ರ ಬಂದ ಕೂಡಲೇ ಹೋಗಿ ಮರಣಪೂರ್ವ ಹೇಳಿಕೆಯನ್ನು ಬರೆದುಕೊಳ್ಳಬೇಕು. 1989ರ ಬೇಸಿಗೆಯ ಒಂದು ರಾತ್ರಿ ಹನ್ನೊಂದು ಗಂಟೆಗೆ ಅಂಥ ಪತ್ರ ಬಂತು.

ಆಸ್ಪತ್ರೆಯಲ್ಲಿ ಕರೆಂಟ್ ಇರಲಿಲ್ಲ. ಕಂಪೌಂಡರ್ ಲಾಂದ್ರ ಹಿಡಿದು ನಿಂತಿದ್ದ. ಬಾಳೆ ಎಲೆಯ ಮೇಲೆ ಮಲಗಿಸಿದ್ದ ಆಕೆಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿ ಮೂರು ವರ್ಷ. ಮುಖ ಮಾತ್ರ ಸುಟ್ಟಿರಲಿಲ್ಲ. ವೈದ್ಯರು ಆಕೆ ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾಳೆಂದು ಬರೆದುಕೊಟ್ಟರು. ನಿಯಮದಂತೆ ಎಲ್ಲರನ್ನೂ ಹೊರಗೆ ಕಳುಹಿಸಿದೆ. ಹೊರಗೆಂದರೆ ಬಾಗಿಲಿನಾಚೆಯ ಜಗಲಿ. ಅಲ್ಲಿ ಆಕೆಯ ಅತ್ತೆ ಒಂದೂವರೆ ವರ್ಷದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರು. ಮಗು ಅಳುತ್ತಿತ್ತು. ನಾನು ಹೆಸರು ಕೇಳಿದೆ, ಗಂಡನ ಹೆಸರು ಕೇಳಿದೆ, ಏನಾಯಿತು ಎಂದು ಕೇಳಿದೆ. ‘ಇಸ್ಟೋ ಸಿಡೀತು ಸ್ವಾಮಿ’ ಎಂದಳು. ಯಾರಾದರೂ ಏನಾದರೂ ಮಾಡಿದರೇ? ಇಲ್ಲ. ಮನೆಯಲ್ಲಿ ಜಗಳವಿತ್ತೇ? ಇಲ್ಲ. ಮತ್ತೊಮ್ಮೆ ಕೇಳಿದೆ, ಹೆದರಬೇಡ ಎಂದೆ. ಆಕೆ ಬಾಗಿಲ ಕಡೆ ನೋಡಿ, ‘ಮಗೀಗೆ ಹಾಲು ಕುಡಿಸಿದರಾ ಕೇಳಿ ಸ್ವಾಮಿ’ ಎಂದಳು.

ನಾನು ಸ್ಟೌ ಸಿಡಿದದ್ದನ್ನು ಬರೆದೆ. ಹಾಲಿನ ಮಾತನ್ನು ಬರೆಯಲಿಲ್ಲ. ಅದು ನಾನು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ, ಪ್ರಕರಣಕ್ಕೆ ಸಂಬಂಧಪಟ್ಟದ್ದೂ ಅಲ್ಲ ಎಂದು ಆಗ ಎಣಿಸಿದೆ. ಕೈಬೆರಳುಗಳೆಲ್ಲ ಬೆಂದಿದ್ದುದರಿಂದ ಎಡಗಾಲಿನ ಹೆಬ್ಬೆರಳಿನ ಗುರುತು ಹಾಕಿಸಿಕೊಂಡು ವೈದ್ಯರ ಸಹಿ ಪಡೆದೆ. ಬೆಳಗಿನ ಜಾವ ಆಕೆ ತೀರಿಕೊಂಡಳು.

ಮರುದಿನ ಪಂಚರನ್ನು ಕರೆದುಕೊಂಡು ಆ ಮನೆಗೆ ಹೋದೆ. ಪಂಪ್ ಸ್ಟೌ ಅಡುಗೆಮನೆಯ ಮೂಲೆಯಲ್ಲಿ ಇಟ್ಟಲ್ಲೇ ಇತ್ತು. ಎತ್ತಿ ನೋಡಿದೆ, ಅರ್ಧದಷ್ಟು ಸೀಮೆಎಣ್ಣೆ ಇತ್ತು, ಟ್ಯಾಂಕಿನಲ್ಲಿ ಬಿರುಕಿರಲಿಲ್ಲ. ಮಸಿ ಹತ್ತಿದ್ದು ಒಲೆಯ ಕಡೆಯ ಗೋಡೆಗಲ್ಲ, ಹಿತ್ತಿಲ ಬಾಗಿಲ ಬಳಿ ಒರಳುಕಲ್ಲಿನ ಪಕ್ಕಕ್ಕೆ. ಕಂಬಳಿ ಹೊದಿಸಿ ಬೆಂಕಿ ಆರಿಸಿದೆನೆಂದು ಹೇಳಿದ ಗಂಡನ ಅಂಗೈಗಳಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಇದಿಷ್ಟನ್ನೂ ಮಹಜರಿನಲ್ಲಿ ಬರೆದೆ. ಆಕೆಯ ಸೀರೆಯ ಉಳಿದ ತುಂಡು ಬೆಂಗಳೂರಿಗೆ ಹೋಯಿತು. ಎಂಟು ತಿಂಗಳ ನಂತರ ವರದಿ ಬಂತು: ಬಟ್ಟೆಯಲ್ಲಿ ಸೀಮೆಎಣ್ಣೆಯ ಅಂಶವಿದೆ. ಇದ್ದೇ ಇರುತ್ತದೆ. ಸುರಿದವರು ಯಾರೆಂದು ಹೇಳುವ ಯಂತ್ರವಿರಲಿಲ್ಲ.

ಮೊಕದ್ದಮೆ ಸೆಷನ್ಸ್ ನ್ಯಾಯಾಲಯಕ್ಕೆ ಬರುವಷ್ಟರಲ್ಲಿ ನಾನು ಬೇರೆ ಜಿಲ್ಲೆಯಲ್ಲಿದ್ದೆ. ಸ್ಟೌವನ್ನು ಠಾಣೆಯವರು ವಶಪಡಿಸಿಕೊಂಡದ್ದು ಮೂರು ದಿನ ತಡವಾಗಿ. ಅದು ಅದೇ ಸ್ಟೌ ಎಂಬುದಕ್ಕೆ ಏನು ಖಾತ್ರಿ ಎಂದು ಪ್ರತಿವಾದಿ ವಕೀಲರು ಕೇಳಿದರು. ಹುಡುಗಿಯ ತಂದೆ ಕಟಕಟೆಯಲ್ಲಿ ನಿಂತು ವರದಕ್ಷಿಣೆಯ ಕಾಟವೇನೂ ಇರಲಿಲ್ಲ ಎಂದರು. ಮೊಮ್ಮಗು ಅವರ ಮನೆಗೆ ಬಂದಿತ್ತೆಂದು ಆಮೇಲೆ ತಿಳಿಯಿತು. ನನಗೆ ಪಾಟಿ ಸವಾಲಿನಲ್ಲಿ ಕೇಳಿದ ಮುಖ್ಯ ಪ್ರಶ್ನೆಗಳು ಎರಡೇ. ಆಕೆ ಪೂರ್ಣ ಪ್ರಜ್ಞೆಯಲ್ಲಿದ್ದಳೇ? ಹೌದು. ಆಕೆ ಹೇಳಿದ್ದನ್ನೇ ತಾವು ಬರೆದುಕೊಂಡಿರೇ? ಹೌದು. ಆ ಎರಡು ‘ಹೌದು’ಗಳ ಮೇಲೆ ಗಂಡನೂ ಅತ್ತೆಯೂ ಬಿಡುಗಡೆಯಾದರು. ಹಾಲಿನ ಮಾತನ್ನು ಯಾರೂ ಕೇಳಲಿಲ್ಲ, ಕೇಳಲು ಅದು ಕಾಗದದ ಮೇಲೆ ಇರಲೇ ಇಲ್ಲ. ಆಕೆ ಸುಳ್ಳು ಹೇಳಿದ್ದರೆ ಏಕೆ ಹೇಳಿದಳು ಎಂಬುದಕ್ಕೆ ನನಗೆ ಸಿಕ್ಕ ಒಂದೇ ಸುಳಿವು ಅದಾಗಿತ್ತು. ಆಕೆ ನಿಜವನ್ನೇ ಹೇಳಿರಲೂಬಹುದು. ಮೂವತ್ತೈದು ವರ್ಷ ದಾಟಿದೆ, ನನಗೆ ಈಗಲೂ ಗೊತ್ತಿಲ್ಲ.

ಡಿಕ್ಕಿಯಲ್ಲಿ ಕಂಡ ಡಬ್ಬಿಯನ್ನು ಕಥೆಗಾರನೊಬ್ಬ ಮರೆತುಬಿಟ್ಟರೆ ನಾನೇಕೆ ಇಷ್ಟು ಸಿಡಿಮಿಡಿಗೊಳ್ಳುತ್ತೇನೆ ಎಂದು ನನ್ನ ಹೆಂಡತಿ ಆಗಾಗ ಕೇಳುವುದುಂಟು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅವುಗಳಲ್ಲಿ 9,962ಕ್ಕೆ ಕಾರಣ ‘ವಿವಾದ’, 3,761ಕ್ಕೆ ವೈಯಕ್ತಿಕ ದ್ವೇಷ, 1,884ಕ್ಕೆ ಲಾಭದ ಆಸೆ. ವಿವಾದ ಎಂದರೆ ಏನು? ಬದುವಿನ ಕಲ್ಲು ಎರಡಡಿ ಸರಿದದ್ದು, ಕೊಟ್ಟ ಸಾಲ ಹಿಂದಿರುಗದೆ ಇದ್ದದ್ದು, ಕೊಳವೆಬಾವಿಯ ನೀರು, ಮನೆಯೊಳಗಿನ ಪಾಲು. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂದು ನಮ್ಮ ಮುಂದೆ ತಕರಾರು ಅರ್ಜಿಯಾಗಿ ಬಂದದ್ದೇ ನಾಳೆ ಠಾಣೆಯಲ್ಲಿ ಮೊಕದ್ದಮೆಯಾಗಿರುತ್ತಿತ್ತು. ಈ ಎರಡಡಿ ನೆಲದ ಹಿಂದೆ ಮೂರು ತಲೆಮಾರಿನ ಕಥೆ ಇರುತ್ತದೆ. ನಮ್ಮ ಧಾರಾವಾಹಿಗಳಿಗೆ ಮಾತ್ರ ಹುಣ್ಣಿಮೆಯ ರಾತ್ರಿ ಕೊಂದು ಹಣೆಯ ಮೇಲೆ ಚಿಹ್ನೆ ಬರೆದು ಹೋಗುವವನೇ ಬೇಕು. ಹುಚ್ಚನಿಗೆ ಕಾರಣ ಬೇಡವಲ್ಲ! ಕಾರಣ ಬೇಡವಾದಲ್ಲಿ ಕಥೆಗಾರನಿಗೆ ಕೆಲಸ ಕಡಿಮೆ.

ಸತ್ತವರ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಕೊನೆಯವರೆಗೂ ಬಿಡದೆ ತೋರಿಸಿದ ಧಾರಾವಾಹಿಯೊಂದನ್ನು ನಾನು ನೋಡಿದ್ದೇನೆ. ಅದು ಡೆನ್ಮಾರ್ಕಿನದು. ಸೋರೆನ್ ಸ್ವೈಸ್ಟ್ರಪ್ ಬರೆದ ‘ಫೋರ್‌ಬ್ರಿಡೆಲ್ಸನ್’ 2007ರಲ್ಲಿ ಬಂತು; ಇಂಗ್ಲಿಷ್ ಜಗತ್ತಿಗೆ ಅದು ‘ದಿ ಕಿಲ್ಲಿಂಗ್’. ಮೊದಲ ಸರಣಿಯಲ್ಲಿ 20 ಕಂತು, ತನಿಖೆಯ 20 ದಿನ, ಒಬ್ಬಳೇ ಹುಡುಗಿಯ ಕೊಲೆ. ಅಮೆರಿಕದ ಧಾರಾವಾಹಿಯಾದರೆ ಇಷ್ಟು ಹೊತ್ತಿಗೆ ಇಪ್ಪತ್ತು ಹೆಣ ಬೀಳುತ್ತಿದ್ದವು. ಇಲ್ಲಿ ಆ ಹುಡುಗಿಯ ತಂದೆ, ತಾಯಿ, ಇಬ್ಬರು ಪುಟ್ಟ ತಮ್ಮಂದಿರು ಕಂತಿನಿಂದ ಕಂತಿಗೆ ನಮ್ಮೊಡನೆ ಇರುತ್ತಾರೆ. ಅವರು ಸಾಮಾನು ಸಾಗಿಸುವ ಸಣ್ಣ ಉದ್ಯಮ ನಡೆಸುವ ಮಂದಿ. ಅಂತ್ಯಕ್ರಿಯೆಯ ವ್ಯವಸ್ಥೆ ಆಗಬೇಕು, ಮಕ್ಕಳಿಗೆ ಹೇಳಬೇಕು, ಹೊಸ ಮನೆಗೆಂದು ಮಾಡಿದ ಸಾಲ ಹಾಗೇ ಕುಳಿತಿದೆ. ನಡುನಡುವೆ ಬರುವ ನಗರಸಭೆಯ ರಾಜಕೀಯ ನನಗೆ ಬೇಸರ ತರಿಸಿತು. ವಾರಕ್ಕೊಬ್ಬ ಹೊಸ ಶಂಕಿತನನ್ನು ತಂದು ನಿಲ್ಲಿಸುವ ಹಳೆಯ ಚಪಲ ಅಲ್ಲಿಯೂ ಇದೆ. ಆದರೆ ಆ ತಾಯಿ ಎಲ್ಲಿ ಹೋದಳು ಎಂದು ಕೇಳುವ ಪ್ರಸಂಗ ಒಮ್ಮೆಯೂ ಬರಲಿಲ್ಲ. ಭಾಷೆ ತಿಳಿಯದೆ ಅಡಿಬರಹ ಓದುತ್ತ ನೋಡಿದ ನನ್ನ ಹೆಂಡತಿ ಆಕೆಯನ್ನು ನಮ್ಮ ಬೀದಿಯವಳಂತೆ ನೆನೆಯುತ್ತಾಳೆ.

ಕೊಲೆಗಾರ ಯಾರೆಂಬ ಗುಟ್ಟೇ ಬೇಕಿಲ್ಲವೆಂದು ತೋರಿಸಿದವನು ಲೆಫ್ಟಿನೆಂಟ್ ಕೊಲಂಬೊ. 1971ರಿಂದ ಸರಣಿಯಾಗಿ ಬಂದ ಆ ಅಮೆರಿಕನ್ ಕಥೆಗಳಲ್ಲಿ ಕೊಲೆ ನಮ್ಮ ಕಣ್ಣೆದುರಿಗೇ ನಡೆದುಬಿಡುತ್ತದೆ. ಆಮೇಲೆ ಮಾಸಿದ ಕೋಟಿನ ಪೀಟರ್ ಫಾಕ್ ತಲೆ ಕೆರೆದುಕೊಳ್ಳುತ್ತ ಬಂದು, ಹೊರಡುವಂತೆ ಮಾಡಿ, ಬಾಗಿಲಿಂದ ಹಿಂದಿರುಗಿ ಇನ್ನೊಂದು ಸಣ್ಣ ಪ್ರಶ್ನೆ ಕೇಳುತ್ತಾನೆ. ಆ ಸಣ್ಣ ಪ್ರಶ್ನೆ ಸದಾ ಒಂದು ಡಬ್ಬಿಯ ಬಗೆಗೇ ಇರುತ್ತದೆ. ಆತನ ಪುರಾವೆಗಳಲ್ಲಿ ಅನೇಕವು ನಮ್ಮ ಸೆಷನ್ಸ್ ನ್ಯಾಯಾಲಯದಲ್ಲಿ ಅರ್ಧ ಗಂಟೆಯೂ ನಿಲ್ಲಲಾರವು, ಅದು ಬೇರೆ ಮಾತು. ನಮ್ಮಲ್ಲಿ ರಿಚಿ ಮೆಹ್ತಾ ಅವರ ‘ಡೆಲ್ಲಿ ಕ್ರೈಮ್’ ಸರಣಿಯ 2019ರ ಮೊದಲ ಭಾಗವೂ ಹಾಗೆಯೇ. 2012ರ ಡಿಸೆಂಬರಿನ ಆ ಪ್ರಕರಣದ ಅಪರಾಧಿಗಳು ಯಾರೆಂದು ಇಡೀ ದೇಶಕ್ಕೆ ಗೊತ್ತಿತ್ತು. ಆದರೂ ಶೆಫಾಲಿ ಶಾ ಅವರ ಪೊಲೀಸ್ ಅಧಿಕಾರಿಣಿ ಒಂದು ಬಸ್ಸನ್ನು, ಒಬ್ಬೊಬ್ಬರನ್ನೇ ಹುಡುಕಿ ತೆಗೆಯುವುದನ್ನು ನಾವು ಉಸಿರು ಬಿಗಿಹಿಡಿದು ನೋಡಿದೆವು. ಅದಕ್ಕೆ 2020ರಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳಿಗೆ ಮನೆಮಂದಿಯೆಲ್ಲ ಊಟ ಮುಂದೂಡಿ ಕಾಯುತ್ತಿದ್ದುದೂ ಇದೇ ಕಾರಣಕ್ಕೆ: ಒಂದು ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತಿತ್ತು. ವೀಕ್ಷಕರಿಗೆ ತಾಳ್ಮೆಯಿಲ್ಲ ಎಂಬ ನಿರ್ಮಾಪಕರ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿ.

ಹಾಗಾದರೆ ಕೆಟ್ಟದ್ದೇ ಏಕೆ ಹೆಚ್ಚು ಬರುತ್ತದೆ? ಓದಿದ ಶಾಸ್ತ್ರ ಇಲ್ಲಿ ಸ್ವಲ್ಪ ನೆರವಿಗೆ ಬರುತ್ತದೆ. ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧ ಪ್ರಸಿದ್ಧವಾದುದು. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದಕ್ಕೂ ಅದು ಮುಖ್ಯ ಆಧಾರ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಒಳ್ಳೆಯ ಕಾರಿಗೂ ಒಳ್ಳೆಯ ಬೆಲೆ ಕೊಡಲಾರ, ಒಳ್ಳೆಯ ಕಾರಿನವನು ಮಾರುಕಟ್ಟೆಗೇ ಬರಲಾರ. ರಹಸ್ಯದ ಕಥೆಯೂ ಇಂಥದೇ ಸರಕು. ಅದರ ಗುಣ ಇರುವುದು ಕೊನೆಯಲ್ಲಿ. ನಾವು ಬೆಲೆ ತೆರುವುದು, ಜಾಹೀರಾತು ನೋಡಿಯೋ ತಿಂಗಳ ಚಂದಾ ಕಟ್ಟಿಯೋ, ಮೊದಲಿನಲ್ಲಿ. ನಿರ್ಮಾಪಕನ ಹಣವೆಲ್ಲ ಮೊದಲ ಕಂತಿಗೆ ಹರಿಯುವುದು ಸಹಜವೇ: ಕೆರೆ ಏರಿ, ಡ್ರೋನಿನ ಕ್ಯಾಮೆರಾ, ಸುಟ್ಟ ಕಾರು. ಎಂಟನೆಯದಕ್ಕೆ ಒಂದು ಕೋಣೆ, ಒಂದು ದೀಪ. ಈಚೆಗಂತೂ ಕೊನೆ ಎಂಬುದೇ ಇಲ್ಲ. ‘ಮುಂದಿನ ಸೀಸನ್’ ಎಂಬ ಭರವಸೆಯ ಮೇಲೆ ಲೆಕ್ಕವನ್ನು ಬಾಕಿ ಉಳಿಸಿ ಎದ್ದು ಹೋಗುತ್ತಾರೆ.

ಶ್ರೀಮಂತ ದೇಶಗಳಲ್ಲಿಯೂ ಇದು ತಪ್ಪಿದ್ದಲ್ಲ. ಬಿಬಿಸಿಯ ‘ಲೈನ್ ಆಫ್ ಡ್ಯೂಟಿ’ 2012ರಿಂದ ಪೊಲೀಸ್ ಇಲಾಖೆಯೊಳಗಿನ ಭ್ರಷ್ಟಾಚಾರದ ಜಾಲವನ್ನು ಬಹಳ ಬಿಗಿಯಾಗಿ ಹೆಣೆದುಕೊಂಡು ಬಂತು. 2021ರ ಮೇ 2ರಂದು ಅದರ ಆರನೆಯ ಸರಣಿಯ ಕೊನೆಯ ಕಂತನ್ನು ಬ್ರಿಟನ್ನಿನಲ್ಲಿ ಸುಮಾರು 1.28 ಕೋಟಿ ಜನ ನೋಡಿದರು. ವರ್ಷಗಳಿಂದ ಹುಡುಕುತ್ತಿದ್ದ ಸೂತ್ರಧಾರ (ಇನ್ನೂ ನೋಡದವರು ಮುಂದಿನ ಮಾತನ್ನು ಬಿಟ್ಟು ಓದಬೇಕು) ಒಬ್ಬ ದಡ್ಡ, ಸೋಮಾರಿ ಅಧಿಕಾರಿ ಎಂದಾದಾಗ ಬಹುಪಾಲು ಜನ ರೇಗಿಬಿಟ್ಟರು. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದೊಡ್ಡ ಭ್ರಷ್ಟಾಚಾರದ ಹಿಂದೆ ಮಹಾ ಬುದ್ಧಿವಂತನಿರುವುದಿಲ್ಲ, ಎಲ್ಲರೂ ಕಡೆಗಣಿಸಿದ ಸಾಧಾರಣ ಮನುಷ್ಯನಿರುತ್ತಾನೆ ಎಂಬುದು ಸರ್ಕಾರಿ ಕಚೇರಿಗಳಲ್ಲಿ ಮೂರು ದಶಕ ಕುಳಿತ ನನಗೆ ನೂರಕ್ಕೆ ನೂರು ನಿಜವೆನ್ನಿಸುತ್ತದೆ. ಉತ್ತರ ಸರಿಯಾಗಿತ್ತು. ಹಂತಗಳನ್ನು ಬರೆದಿರಲಿಲ್ಲ.

ಹೋದ ವಾರ ಮತ್ತೊಂದನ್ನು ಶುರು ಮಾಡಿದ್ದೇವೆ. ಈ ಬಾರಿ ಕಾಫಿ ತೋಟ, ಮಳೆ, ಹೊಳೆಯ ದಡದಲ್ಲಿ ಶಾಲಾ ಶಿಕ್ಷಕಿಯೊಬ್ಬಳ ಶವ. ಆಕೆಯ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿದೆ. ಮೂರು ಕಂತು ಕಳೆದಿವೆ. ಇನ್ನೊಂದು ಚಪ್ಪಲಿ ಎಲ್ಲಿ ಎಂದು ಇನ್ನೂ ಯಾರೂ ಕೇಳಿಲ್ಲ. ಅಡುಗೆಮನೆಯಿಂದ ನನ್ನ ಹೆಂಡತಿ ದಿನವೂ ವಿಚಾರಿಸುತ್ತಾಳೆ, ‘ಸಿಕ್ಕಿತೇನ್ರೀ?’ ಇಲ್ಲ ಎನ್ನುತ್ತೇನೆ. ಇನ್ನೂ ಐದು ಕಂತುಗಳಿವೆ.